ಸೀರಿಯಲ್ ಹೊತ್ತಿನ ಆನೆ

ಒದ್ದೆ ಮಾಡಿದ ತೊಗಲನ್ನು ಕೆನ್ನೆಗೆ ಒತ್ತಿಕೊಂಡಾಗ ಅದು ತಣ್ಣಗಿರಬೇಕು, ಆದರೆ ಕೆನ್ನೆ ಒದ್ದೆಯಾಗಬಾರದು. ಕಣ್ಣಿಗೆ ಒಣಗಿದಂತೆ ಕಾಣಬೇಕು, ಕೆನ್ನೆಗೆ ಮಾತ್ರ ಒಳಗಿನ್ನೂ ನೀರಿದೆ ಎಂದು ತಿಳಿಯಬೇಕು. ಆ ಹದದಲ್ಲಿ ಚಾಕು ತಡೆಯಿಲ್ಲದೆ ಓಡುತ್ತದೆ, ಅಚ್ಚು ಒತ್ತಿದರೆ ಒತ್ತಿದ ಹಾಗೇ ಉಳಿಯುತ್ತದೆ. ಈ ಪರೀಕ್ಷೆ ನಡೆಸುತ್ತಿದ್ದಾಗ ಅಮ್ಮ ಒಮ್ಮೆ ನನ್ನನ್ನು ನೋಡಿಬಿಟ್ಟಳು. ಎಮ್ಮೆಯ ತೊಗಲನ್ನು ಕೆನ್ನೆಗೆ ಆನಿಸಿಕೊಂಡು ಕಣ್ಣು ಮುಚ್ಚಿ ನಿಂತಿರುವ, ಎಂ.ಎಸ್ಸಿ. ಓದಿದ ಮಗಳು. ಅವಳು ತಿರುಗಿ ಒಳಗೆ ನಡೆದಳು. ಹೋಗಿ ಸ್ನಾನಕ್ಕೆ ನೀರು ಕಾಯಿಸಲು ಇಟ್ಟಳು.

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಅದು ತಾನಾಗಿ ನಿಲ್ಲುವವರೆಗೆ ಫೋನನ್ನೇ ನೋಡುತ್ತ ಕೂರುತ್ತೇನೆ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದಾಗ ‘ಇಳಿಯಬೇಕು’ ಎಂದು ಕೂಗಲು ಸಂಕೋಚಪಟ್ಟು, ಮುಂದಿನ ಸ್ಟಾಪಿನಲ್ಲಿ ಬೇರೆಯವರು ಇಳಿಯುವಾಗ ಅವರ ಹಿಂದೆ ಇಳಿದು, ಬಂದ ದಾರಿಯಲ್ಲೇ ನಡೆದು ವಾಪಸಾದದ್ದುಂಟು. ಇಂಥವಳು ಜೀವನಕ್ಕೆ ಆರಿಸಿಕೊಂಡ ಕೆಲಸ ತೊಗಲಿನ ಮೇಲೆ ಚಿತ್ರ ಕೊರೆಯುವುದು. ಕಾಗದದಲ್ಲಿ ತಪ್ಪಿದರೆ ಅಳಿಸಬಹುದು, ಹೊಲಿಗೆಯಲ್ಲಿ ತಪ್ಪಿದರೆ ಬಿಚ್ಚಬಹುದು. ತೊಗಲಿನ ಮೇಲೆ ಬಿದ್ದ ಗೆರೆ ಬಿದ್ದದ್ದೇ. ಪ್ರತಿ ಗೆರೆಗೆ ಮೊದಲು ನಾನು ಚಾಕುವನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ, ಒಂದು ಲೋಟ ನೀರು ಕುಡಿದು ಬರುತ್ತೇನೆ. ಅಷ್ಟರಲ್ಲಿ ಹದ ಹೋಗಿರುತ್ತದೆ. ಮತ್ತೆ ಒದ್ದೆ ಮಾಡಬೇಕು. ಮತ್ತೆ ಕೆನ್ನೆ.

ಮೈಸೂರಿನಲ್ಲಿ ರಸಾಯನಶಾಸ್ತ್ರ ಓದುವಾಗ ಹಾಸ್ಟೆಲಿನ ಹತ್ತಿರ ಒಬ್ಬರು ಇದನ್ನು ಕಲಿಸುತ್ತಿದ್ದರು. ಯಾರೊಡನೆಯೂ ಮಾತಾಡದೆ ಮಾಡಬಹುದಾದ ಕೆಲಸ ಎಂಬ ಒಂದೇ ಕಾರಣಕ್ಕೆ ಸೇರಿದೆ. ಓದು ಮುಗಿಸಿ ಗಡಿಯಾಚೆ ಮಲಯಾಳ ಸೀಮೆಯ ನೂಲ್ಪುಳದ ಮನೆಗೆ ಬಂದ ಮೇಲೆ ಇದನ್ನೇ ಮಾಡುತ್ತೇನೆ ಎಂದು ಹೇಳಲು ಒಂದು ಮಳೆಗಾಲ ಹಿಡಿಯಿತು. ಅಪ್ಪನ ಅಜ್ಜ ಗುಂಡ್ಲುಪೇಟೆ ಕಡೆಯಿಂದ ಬಂದು ಇಲ್ಲಿ ದಿನಸಿ ಅಂಗಡಿ ಹಾಕಿದವರು. ಅಂಗಡಿಯನ್ನು ಈಗ ಅಪ್ಪ ನೋಡಿಕೊಳ್ಳುತ್ತಾರೆ. ನಾನು ಪಿ.ಎಸ್.ಸಿ. ಪರೀಕ್ಷೆ ಬರೆದು ಸರ್ಕಾರಿ ಕಚೇರಿಯಲ್ಲಿ ಕೂರುತ್ತೇನೆ ಎಂದು ಎಲ್ಲರೂ ತಿಳಿದಿದ್ದರು. ನನ್ನ ಮಾತು ಕೇಳಿ ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮ ದನಿ ತಗ್ಗಿಸಿ, “ತೊಗಲಿನ ಕೆಲಸ ನಮಗ್ಯಾಕವ್ವ?” ಅಂದಳು. ಅಮ್ಮನ ಬ್ಯಾಗು ತೊಗಲಿನದು, ಅಪ್ಪನ ಬೆಲ್ಟು ತೊಗಲಿನದು. ಆದರೆ ನಮ್ಮಲ್ಲಿ ಅಂಗಡಿಯಿಂದ ಬಂದರೆ ಅದು ಬ್ಯಾಗು, ಮನೆಯಲ್ಲಿ ಮಾಡಿದರೆ ತೊಗಲು. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ಕೊನೆಗೆ ಒಪ್ಪಂದವಾಯಿತು: ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮಾಡಿಕೋ, ಅಕ್ಕಪಕ್ಕದವರಿಗೆ ತಿಳಿಯಬಾರದು.

ತಿಳಿಯದ ಹಾಗೆ ಮಾಡುವುದು ಸುಲಭವಲ್ಲ. ಅಚ್ಚನ್ನು ತೊಗಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಬೇಕು. ಕೆಳಗೆ ಕಲ್ಲಿನ ಚಪ್ಪಡಿ. ಟಕ್ ಟಕ್ ಎಂಬ ಆ ಸದ್ದು ನಮ್ಮ ತೋಟ ದಾಟಿ ಗದ್ದೆಯವರೆಗೆ ಹೋಗುತ್ತದೆ. ನಾನು ಒಂದು ಉಪಾಯ ಹುಡುಕಿದೆ. ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಕನ್ನಡ ಸೀರಿಯಲ್ ಹಾಕುತ್ತಾಳೆ, ಸದ್ದು ಜೋರಾಗಿಟ್ಟು. ಅದರಲ್ಲಿ ಅತ್ತೆ ಕಿರುಚುತ್ತಾಳೆ, ಸೊಸೆ ಅಳುತ್ತಾಳೆ, ಹಿಂದೆ ತಮಟೆಯೋ ಗುಡುಗೋ ಕೇಳಿಸುತ್ತದೆ. ಅದರ ಮರೆಯಲ್ಲಿ ನಾನು ಕುಟ್ಟುತ್ತಿದ್ದೆ. ಜಾಹೀರಾತು ಬಂದರೆ ಅಮ್ಮ ಸದ್ದು ತಗ್ಗಿಸುತ್ತಿದ್ದಳು, ನಾನು ನಿಲ್ಲಿಸುತ್ತಿದ್ದೆ. ಸೊಸೆ ಮತ್ತೆ ಅಳಲು ಶುರುಮಾಡಿದರೆ ನಾನೂ ಶುರು.

ಹೀಗೆ ಅರ್ಧರ್ಧ ಗಂಟೆ ಕದ್ದು, ಹೆಚ್ಚುಕಡಿಮೆ ಒಂದು ತಿಂಗಳು ಒಂದೇ ಕೆಲಸ ಮಾಡುತ್ತಿದ್ದೆ. ಅದು ನನಗೆ ಬಂದ ಮೊದಲ ನಿಜವಾದ ಆರ್ಡರು. ಸ್ನೇಹಿತೆಗೆ ಮಾಡಿಕೊಟ್ಟಿದ್ದ ಕೀಚೈನು ನೋಡಿ ಅನ್ನಮ್ಮ ಟೀಚರ್ ಕೊಟ್ಟದ್ದು. ಶಾಲೆಯಲ್ಲಿ ನನಗೆ ಕೆಮಿಸ್ಟ್ರಿ ಕಲಿಸಿದವರು, ಈಗ ನಿವೃತ್ತರಾಗಿ ಪಯ್ಯಂಪಳ್ಳಿಯಲ್ಲಿದ್ದಾರೆ. ಅವರ ಅಕ್ಕ ಕನ್ಯಾಸ್ತ್ರೀ, ಮಠ ಸೇರಿ ಐವತ್ತು ವರ್ಷ ತುಂಬುವುದರಿಂದ ಭಾನುವಾರ ಅವರ ಇಗರ್ಜಿಯಲ್ಲಿ ಸಮಾರಂಭ. ಮನೆಯ ಹಳೆಯ ಬೈಬಲ್ಲಿಗೆ ಒಂದು ಹೊದಿಕೆ ಮಾಡಿಸಿ ಅಕ್ಕನಿಗೆ ಕೊಡಬೇಕೆಂದು ಟೀಚರ ಆಸೆ. ಹೊದಿಕೆಯ ತುಂಬ ಕರಿಮೆಣಸಿನ ಬಳ್ಳಿ ಇರಬೇಕು, ಅವರ ತಂದೆ ಇಲ್ಲಿಗೆ ಬಂದು ಮೊದಲು ನೆಟ್ಟದ್ದು ಅದನ್ನೇ. ಚೆನ್ನಾಗಿ ಎದ್ದು ಬರುವಂತೆ ಕೊರೆಯಬೇಕು, ಏಕೆಂದರೆ ಅಕ್ಕನಿಗೆ ಈಗ ಕಣ್ಣು ಕಾಣುವುದಿಲ್ಲ. “ಅವಳು ಬೆರಳಲ್ಲಿ ನೋಡ್ಬೇಕು ಮೋಳೇ,” ಎಂದು ಸ್ವಂತ ಮಗಳನ್ನು ಕರೆದಂತೆ ಕರೆದು ಹೇಳಿದ್ದರು ಟೀಚರ್. ಹೆದರುವವಳಿಗೆ ಇಂಥ ಮಾತು ಹೇಳಬಾರದು. ಅಂದಿನಿಂದ ಪ್ರತಿಯೊಂದು ಎಲೆಯನ್ನೂ ಕಣ್ಣು ಮುಚ್ಚಿ ಸವರಿ ನೋಡಿ, ಇದು ಎಲೆಯೇ ಹೌದಾ, ಕಿವಿಯಂತಿದೆಯಾ ಎಂದು ಒದ್ದಾಡುತ್ತಿದ್ದೆ.

ಮಂಗಳವಾರ ಸಂಜೆ ಕೊನೆಯ ಗೊಂಚಲು ಬಾಕಿ ಇತ್ತು. ತೊಗಲು ಹದಕ್ಕೆ ಬಂದಿತ್ತು, ಸೊಸೆ ಅಳುತ್ತಿದ್ದಳು, ನಾನು ಕುಟ್ಟುತ್ತಿದ್ದೆ. ಜಾಹೀರಾತು ಬಂತು. ನಿಲ್ಲಿಸಿದೆ. ಆ ಮೌನದಲ್ಲಿ ರಸ್ತೆಯಾಚೆಯ ಶಾಂತೇಚಿಯ ಮನೆಯಿಂದ ಸ್ಟೀಲ್ ತಟ್ಟೆ ಬಡಿಯುವ ಸದ್ದು ಕೇಳಿತು.

ನಮ್ಮ ಕಡೆ ಸಂಜೆ ಹೊತ್ತು ತಟ್ಟೆ ಬಡಿದರೆ ಅದಕ್ಕೆ ಒಂದೇ ಅರ್ಥ. ಆನೆ ಕಾಡಿನಂಚಿನ ಕಂದಕ ದಾಟಿದೆ. ಕೇಳಿದ ಮನೆಯವರು ತಾವೂ ಬಡಿಯಬೇಕು, ಅದು ಮುಂದಿನ ಮನೆಗೆ, ಅಲ್ಲಿಂದ ಅದರ ಮುಂದಿನ ಮನೆಗೆ. ಕೊಟ್ಟಿಗೆಯ ಹಿಂದೆಯೇ ಬಾಳೆ ಇದೆ. ಮೂಲೆಯಲ್ಲಿದ್ದ ಖಾಲಿ ಎಣ್ಣೆ ಡಬ್ಬ ಎಳೆದುಕೊಂಡು ಅದೇ ಕೊಡತಿಯಿಂದ ಶಕ್ತಿಮೀರಿ ಬಾರಿಸಿದೆ. ಅಡುಗೆಮನೆಯಿಂದ ಅಮ್ಮನ ತಟ್ಟೆ ಕೇಳಿತು. ಆಮೇಲೆ ಇಡೀ ಸಾಲು ಬಾರಿಸಿತು. ಯಾರೋ ಪಟಾಕಿ ಹಚ್ಚಿದರು. ನಾಯಿಗಳೆಲ್ಲ ಸೇರಿಕೊಂಡವು. ಇಷ್ಟೆಲ್ಲ ಮುಗಿದ ಮೇಲೆ ಶಾಂತೇಚಿ ರಸ್ತೆಗೆ ಬಂದು, ನಿಮ್ಮ ಹಿತ್ತಲಿನಿಂದಲೇ ಮೊದಲು ಸದ್ದು ಬಂತಲ್ಲ, ಬಡಿಯುವುದು, ನಿಲ್ಲಿಸಿ ಕಿವಿಗೊಡುವುದು, ಮತ್ತೆ ಬಡಿಯುವುದು, ಪಾಪ ಹುಡುಗಿ ಒಬ್ಬಳೇ ಆನೆ ಓಡಿಸುತ್ತಿದ್ದಾಳೆ ಎಂದು ತಿಳಿದು ನಾನೂ ಬಡಿದೆ ಎಂದು ಅಮ್ಮನಿಗೆ ಮಲಯಾಳದಲ್ಲಿ ವಿವರಿಸುತ್ತಿದ್ದದ್ದು ಕೊಟ್ಟಿಗೆಗೆ ಸ್ಪಷ್ಟವಾಗಿ ಕೇಳಿಸಿತು. ನನ್ನದೇ ಸದ್ದಿಗೆ ಹೆದರಿ ನಾನೇ ಡಬ್ಬ ಬಾರಿಸಿದ್ದೆ.

ಹೊರಗೆ ಹೋಗಿ ನಿಜ ಹೇಳಬಹುದಿತ್ತು. ಹೇಳುವ ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ತಿದ್ದಿಕೊಳ್ಳುವಷ್ಟರಲ್ಲಿ ಅರಣ್ಯ ಇಲಾಖೆಯ ಜೀಪು ಬಂದು ನಿಂತಿತು.

ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದವರಿಗೆ ಆನೆಗಿಂತ ಆ ಜೀಪಿನ ಭಯ ಒಂದು ಗುಲಗಂಜಿ ಹೆಚ್ಚು. ಕೊಟ್ಟಿಗೆಯಲ್ಲಿ ಅಡಗಿಸಿಟ್ಟ ತೊಗಲು ಎಂದರೆ ಇಲ್ಲಿ ಯಾರಿಗೂ ಎಮ್ಮೆ ನೆನಪಾಗುವುದಿಲ್ಲ. ಜಿಂಕೆ, ಕಡವೆ, ಅದಕ್ಕೂ ಮೇಲಿನವು ನೆನಪಾಗುತ್ತವೆ. ನನ್ನದು ಅಂಗಡಿಯಲ್ಲಿ ಕೊಂಡ ಎಮ್ಮೆ ತೊಗಲು, ಬಿಲ್ಲೂ ಇತ್ತು. ಆದರೆ ನನ್ನ ಕಣ್ಣಿಗೆ ಆಗ ಬಿಲ್ಲು ಕಾಣಲಿಲ್ಲ, ಜೀಪಿನ ಹಿಂದಿನ ಸೀಟು ಕಾಣಿಸಿತು. ಕೊಟ್ಟಿಗೆಯಲ್ಲಿ ಅಪ್ಪನ ಹಳೆಯ ಟ್ರಂಕು ಇದೆ. ಕರೆಂಟಿನ ತಕ್ಕಡಿ ಬಂದ ಮೇಲೆ ಕಬ್ಬಿಣದ ತೂಕದ ಬಟ್ಟುಗಳನ್ನೆಲ್ಲ ಅದರಲ್ಲಿ ಹಾಕಿಟ್ಟಿದ್ದಾರೆ. ಕೈಯಲ್ಲಿದ್ದ ತೊಗಲನ್ನು ಅದರೊಳಗೆ ಎಸೆದೆ, ಉಳಿದಿದ್ದ ತುಂಡನ್ನು ಸುರುಳಿ ಸುತ್ತಿ ಸೌದೆಯ ಸಂದಿಗೆ ತುರುಕಿದೆ, ಮುಚ್ಚಳ ಹಾಕಿ ಟ್ರಂಕಿನ ಮೇಲೆ ಕೂತೆ.

ಬಂದವರು ಇಬ್ಬರು. ಹೊಸದಾಗಿ ಬಂದ ಗಾರ್ಡು, ಮತ್ತು ಕಾಡು ಕಾಯುವ ವಾಚರ್ ಮಾರಣ್ಣ. ಮಾರಣ್ಣ ಕಾಡೊಳಗಿನ ಹಾಡಿಯವರು, ನನ್ನನ್ನು ಚಿಕ್ಕಂದಿನಿಂದ ನೋಡಿದವರು, ನಮ್ಮ ಕನ್ನಡಕ್ಕೆ ಹತ್ತಿರದ ಮಾತಾಡುತ್ತಾರೆ. ಬಾಳೆಯ ಸುತ್ತ ಟಾರ್ಚು ಬಿಟ್ಟು ನೋಡಿ ಬಂದು, ಹೆಜ್ಜೆ ಇಲ್ಲ, ಲದ್ದಿ ಇಲ್ಲ, ಒಂದು ಎಲೆಯೂ ಮುರಿದಿಲ್ಲ, ಭಾರಿ ಮರ್ಯಾದಸ್ಥ ಆನೆ ಅಂದರು. ಗಾರ್ಡು, ನೀವು ಕಂಡಿರಾ ಎಂದು ಕೇಳಿದರು. ನಾನು ತಲೆಯನ್ನು ಹೌದೂ ಅಲ್ಲದ ಇಲ್ಲವೂ ಅಲ್ಲದ ಒಂದು ದಿಕ್ಕಿನಲ್ಲಿ ಆಡಿಸಿದೆ. ಒಳಗೆ ಹೋಗಿ, ಇಲ್ಲಿ ಕೂರಬೇಡಿ ಅಂದರು. ಏಳಲಿಲ್ಲ.

“ಏಳು ಮಗಾ,” ಅಂದರು ಮಾರಣ್ಣ.

“ಕಾಲು ನಡುಗ್ತಾ ಇದೆ ಮಾರಣ್ಣ.”

ಅದೊಂದು ಮಾತ್ರ ಅಪ್ಪಟ ಸತ್ಯ. ಗಾರ್ಡು ಓಡಿಹೋಗಿ ನೀರು ತಂದುಕೊಟ್ಟರು. “ಇಷ್ಟು ಹೆದ್ರಿಕೆ ಇಟ್ಕೊಂಡು ಅಷ್ಟು ಜೋರಾಗಿ ಬಡ್ದೆಯಲ್ಲ ಮಗಾ,” ಎಂದು ಮಾರಣ್ಣ ಮೆಚ್ಚುಗೆಯಿಂದ ನಕ್ಕರು. “ಪಾಪ, ಅದು ಇಷ್ಟೊತ್ತಿಗೆ ಮುತ್ತಂಗದ ಕಾಡು ಸೇರಿರ್ತದೆ.” ಅಮ್ಮ ಬಂದು ನನ್ನನ್ನು ಎಬ್ಬಿಸಿಕೊಂಡು ಹೋಗಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಕೊಟ್ಟಿಗೆಗೆ ಬೀಗ ಜಡಿದು ಮಲಗಿಸಿದಳು.

ಬುಧವಾರ ಬೆಳಿಗ್ಗೆ ಕೊಟ್ಟಿಗೆಯ ಬೀಗ ತೆಗೆದು ಟ್ರಂಕು ತೆರೆದೆ. ತೊಗಲು ಚಿತ್ರದ ಮುಖ ಕೆಳಗಾಗಿ ಬಟ್ಟುಗಳ ಮೇಲೆ ಬಿದ್ದಿತ್ತು. ತಿರುಗಿಸಿದರೆ, ನನ್ನ ಮೆಣಸಿನ ಬಳ್ಳಿಯ ನಡುವೆ ಒಂದು ಕಿಲೋ ಬಟ್ಟಿನ ದೊಡ್ಡ ಕಪ್ಪು ವೃತ್ತ, ಪಕ್ಕದಲ್ಲಿ ಅರ್ಧ ಕಿಲೋ, ಕೆಳಗೆ ಮರಿಗಳ ಹಾಗೆ ಇನ್ನೂ ಸಣ್ಣವು. ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲು ಒದ್ದೆಯಿದ್ದಾಗ ಕಬ್ಬಿಣ ತಾಗಿದರೆ ನೀಲಿಗಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನ ಕಾಲದಲ್ಲಿ ಹೀಗೆಯೇ ಶಾಯಿ ಮಾಡುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಕಲಿಸಿದವರು ಅನ್ನಮ್ಮ ಟೀಚರ್.

ನಿಂಬೆರಸ ಹಚ್ಚಿದೆ. ಕಪ್ಪು ಬೂದುಬಣ್ಣಕ್ಕೆ ತಿರುಗಿತು, ಹೋಗಲಿಲ್ಲ. ಆ ಹೊತ್ತಿಗೇ ಫೋನು ಬಂತು. ಟೀಚರ್, ಎಲ್ಲಿಯವರೆಗೆ ಬಂತು ಎಂದು ಕೇಳಿದರು. ಕೊನೆಯ ಗೊಂಚಲು ಬಾಕಿ ಅಂದೆ. ಅದೂ ಸುಳ್ಳಲ್ಲ. ಫೋನಿಟ್ಟ ಮೇಲೆ ಒಂದು ಯೋಚನೆ ಬಂತು, ಬರೆಯಲು ನಾಚಿಕೆಯಾಗುತ್ತದೆ: ಆ ಅಕ್ಕನಿಗೆ ಕಣ್ಣು ಕಾಣುವುದಿಲ್ಲವಲ್ಲ. ಬೆರಳಿಗೆ ಕಪ್ಪು ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಸವರಿ ನೋಡಿದೆ. ನಿಜ, ಎಲೆ ಎಲೆಯಾಗಿಯೇ ಇತ್ತು, ಕಾಳು ಕಾಳಾಗಿಯೇ. ಕಣ್ಣು ತೆರೆದೆ. ಒಂದು ಕಿಲೋ ನನ್ನನ್ನೇ ನೋಡುತ್ತಿತ್ತು.

ಸೌದೆಯ ಸಂದಿಯಲ್ಲಿ ತುರುಕಿದ್ದ ತುಂಡು ಸುರಕ್ಷಿತವಾಗಿತ್ತು. ಅಳೆದರೆ ಇನ್ನೊಂದು ಹೊದಿಕೆಗೆ ಸಾಕು, ಆದರೆ ತಪ್ಪಿದರೆ ಮತ್ತೆ ಮಾಡಲು ಏನೂ ಉಳಿಯುವುದಿಲ್ಲ. ತೊಗಲಿತ್ತು, ಸಮಯವಿರಲಿಲ್ಲ. ಭಾನುವಾರದೊಳಗೆ ಮುಗಿಯಬೇಕಾದರೆ ಬೆಳಗಿನಿಂದ ಸಂಜೆವರೆಗೆ ಕುಟ್ಟಬೇಕು. ಯಾವ ಸೊಸೆಯೂ ಅಷ್ಟು ಹೊತ್ತು ಅಳುವುದಿಲ್ಲ.

ಅಷ್ಟರಲ್ಲಿ ಆನೆ ಬೆಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಶಾಂತೇಚಿಯ ಬಾಯಲ್ಲಿ ಅದಕ್ಕೆ ಒಂದು ದಂತ ಬಂದಿತ್ತು, ಸಂಜೆಗೆ ಅದು ಮುರಿದ ದಂತವಾಗಿತ್ತು. ದೀಪ ಹಚ್ಚುವಾಗ ಮಾರಣ್ಣ ಮತ್ತು ಬೀದಿಯ ನಾಲ್ಕು ಗಂಡಸರು ನಮ್ಮ ಹಿತ್ತಲಲ್ಲಿ ಬೆಂಕಿ ಹಾಕಿ ಕಾವಲು ಕೂತರು. ಅಪ್ಪನೂ ಅಂಗಡಿ ಬೇಗ ಮುಚ್ಚಿ ಬಂದು ಅವರ ಜೊತೆ ಕೂತರು. ನಾಳೆಯೂ ಬರುತ್ತಾರಂತೆ. ನನ್ನ ತಲೆ ಆಡಿದ ಆ ಒಂದು ದಿಕ್ಕಿಗಾಗಿ ಆರು ಜನ ಚಳಿಯಲ್ಲಿ ಕೂತಿದ್ದರು. ಅಮ್ಮ ಅವರಿಗೆ ಹಾಲಿಲ್ಲದ ಕಟ್ಟನ್ ಚಾಯ ಮಾಡುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇಕಾದಷ್ಟು ಸಲ ತಿದ್ದಿದ್ದ ವಾಕ್ಯವನ್ನು ಹೇಳಿದೆ.

“ಅಮ್ಮಾ, ನಿನ್ನೆ ಆನೆ ಬಂದಿರಲಿಲ್ಲ.”

“ಗೊತ್ತು,” ಅಂದಳು ಅಮ್ಮ, ಚಹಾ ಸೋಸುತ್ತ. “ದಿನಾ ಕೇಳ್ತೀನಲ್ಲ. ಸೀರಿಯಲ್‌ನೋರು ಅಷ್ಟು ತಾಳ ಹಿಡಿದು ಅಳಲ್ಲ.”

“ಮತ್ತೆ ನೀನ್ಯಾಕೆ ತಟ್ಟೆ ಬಾರಿಸ್ದೆ?”

“ಎಲ್ರೂ ಬಾರಿಸ್ತಿದ್ರು. ನಾನೊಬ್ಳು ಸುಮ್ನಿದ್ರೆ ನಿನ್ನ ಗುಟ್ಟು ಉಳೀತಿತ್ತಾ?”

ನಾನು ಕಪ್ಪು ವೃತ್ತಗಳ ತೊಗಲನ್ನು ತಂದು ತೋರಿಸಿದೆ. ಅವಳು ಮುಟ್ಟುವುದಿಲ್ಲ ಎಂದು ತಿಳಿದು ದೂರದಿಂದಲೇ ಹಿಡಿದಿದ್ದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದಳು. ಬಳ್ಳಿಯ ಮೇಲೆ ಒಂದು ಬೆರಳಿಟ್ಟು, ಬುಡದಿಂದ ತುದಿಯವರೆಗೆ ನಿಧಾನವಾಗಿ ಸವರಿದಳು. “ಕಾಳು ಬಲಿತಿದೆ,” ಅಂದಳು, ತೋಟದ ಮೆಣಸನ್ನು ನೋಡಿ ಹೇಳುವ ದನಿಯಲ್ಲೇ. ಆಮೇಲೆ, ಹಗಲೆಲ್ಲ ಕುಟ್ಟಬೇಕಾದರೆ ಆ ಕತ್ತಲೆ ಕೊಟ್ಟಿಗೆಯಲ್ಲಿ ಕಣ್ಣು ಹಾಳು, ಮುಂದಿನ ಜಗಲಿಗೆ ಬಾ, ತುಳಸಿಕಟ್ಟೆಯ ಕಡೆ ಮಾತ್ರ ಬೇಡ ಎಂದಳು. ಜನ ಏನಂದಾರು ಎಂದು ಈ ಸಲ ಕೇಳಿದವಳು ನಾನು. ಆನೆ ಓಡಿಸಿದವಳಿಗೆ ಏನಂತಾರೆ ಎನ್ನುತ್ತ ಅವಳು ಲೋಟಗಳ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಏನು ಹೇಳಿದಳೋ ತಿಳಿಯದು. ಮಾರಣ್ಣನ ನಗು ಮಾತ್ರ ಬಹಳ ಹೊತ್ತು ಕೇಳಿಸಿತು, ಆಮೇಲೆ ಬೆಂಕಿಗೆ ನೀರು ಸುರಿದ ಸದ್ದು.

ಮರುದಿನ ಬೆಳಿಗ್ಗೆ ನಾನು ಮೇಜನ್ನೂ ಕಲ್ಲಿನ ಚಪ್ಪಡಿಯನ್ನೂ ಜಗಲಿಗೆ ಎಳೆದು ತಂದೆ. ರಸ್ತೆಗೆ ಮುಖಮಾಡಿ ಕೂತೆ. ಕೊನೆಯ ತುಂಡನ್ನು ಒದ್ದೆ ಮಾಡಿ, ಹಾಲಿನವನು ನೋಡುತ್ತಿದ್ದ ಹಾಗೆಯೇ ಕೆನ್ನೆಗೆ ಒತ್ತಿಕೊಂಡೆ. ತಣ್ಣಗಿತ್ತು. ಮೊದಲ ಗೆರೆಗೆ ನೀರು ಕುಡಿಯಲು ಏಳಲಿಲ್ಲ. ಬಳ್ಳಿಯ ಕಾಂಡ ಕೊರೆದು, ಅಚ್ಚು ಇಟ್ಟು, ಕೊಡತಿ ಎತ್ತಿ, ಕಣ್ಣು ಮುಚ್ಚಿ ಒಂದು ಏಟು ಹಾಕಿದೆ. ಎದುರು ಮನೆಯಲ್ಲಿ ಶಾಂತೇಚಿ ಪಾತ್ರೆ ತೊಳೆಯುತ್ತಿದ್ದವರು ಒಂದು ಕ್ಷಣವೂ ತಡಮಾಡದೆ ತಟ್ಟೆ ಬಡಿದರು. ನಾನು ಕೊಡತಿ ಕೆಳಗಿಟ್ಟು, ಎದ್ದು ನಿಂತು, ಆನೆ ಯಾವ ಕಡೆಯಿಂದ ಬಂತು ಎಂದು ನೋಡಿದೆ.