ಭಾವನವರು ಸಹಿ ಹಾಕದ ಭೂಮಿ

ಭೂಮಿ ಗುಂಡಗಿದೆ ಎಂಬ ಸುದ್ದಿ ನಮ್ಮ ಭಾವನವರ ಕಿವಿಗೂ ಬಿದ್ದಿದೆ. ಆದರೆ ಅವರಿನ್ನೂ ಅದಕ್ಕೆ ಸಹಿ ಹಾಕಿಲ್ಲ!

ಅವರು ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ; ಬಂದ ಜಾತಕಗಳನ್ನೆಲ್ಲ ಅನುಮಾನಿಸಿಯೇ ವಯಸ್ಸು ಕಳೆದರೆಂದು ಕಾಣುತ್ತದೆ. ರೈಲ್ವೆಯಲ್ಲಿ ಹಳಿ ತಪಾಸಣೆ ಮಾಡುತ್ತಿದ್ದರು. ತಾವೇ ನಡೆದು, ಸುತ್ತಿಗೆಯಿಂದ ತಟ್ಟಿ ನೋಡದ ಒಂದು ಮೊಳ ಹಳಿಗೂ ಸಹಿ ಹಾಕಿದವರಲ್ಲ. ನಿವೃತ್ತರಾಗಿ ನ್ಯೂ ಟೌನಿನ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ತಟ್ಟಲು ಹಳಿ ಎಲ್ಲಿಂದ ಬರಬೇಕು? ತೆಂಗಿನಕಾಯಿ, ಕಲ್ಲಂಗಡಿ, ನಮ್ಮೆಲ್ಲರ ಮಾತು, ಹೀಗೆ ಸಿಕ್ಕಿದ್ದನ್ನೆಲ್ಲ ತಟ್ಟಿ ನೋಡುತ್ತಾರೆ. ನನ್ನ ಸಾರನ್ನು ಮಾತ್ರ ಅನುಮಾನಿಸದೆ ಉಣ್ಣುತ್ತಾರೆ. ಅದೊಂದು ರಾಯರ ದಯೆ.

ಇಂಥವರಿರುವ ಮನೆಯಲ್ಲಿ ನನ್ನ ಮಗಳು ಅನಘಾ ಹನ್ನೊಂದನೆಯ ತರಗತಿಗೆ ಭೂಗೋಳ ತೆಗೆದುಕೊಂಡಳು!

"ಈ ಅಟ್ಲಾಸ್ ಬರೆದವನು ಇಷ್ಟೂ ಊರಿಗೆ ಹೋಗಿದ್ನಾ?"

"ಸ್ಯಾಟಲೈಟ್ ಇದೆಯಲ್ಲ ದೊಡ್ಡಪ್ಪ!"

"ಅದಕ್ಕೆ ಕಾಲಿದೆಯಾ?"

ಒಮ್ಮೆ ಟ್ಯಾಕ್ಸಿಯಲ್ಲಿ ಪಾರ್ಕ್ ಸ್ಟ್ರೀಟಿಗೆ ಹೊರಟಿದ್ದೆವು. ಡ್ರೈವರನ ಫೋನಿನ ನಕ್ಷೆ ಬಲಕ್ಕೆ ತಿರುಗು ಎಂದಿತು. ಭಾವನವರು ಗಾಡಿ ನಿಲ್ಲಿಸಿ, ಇಳಿದು, ಪಾನ್ ಅಂಗಡಿಯವನನ್ನು ಕೇಳಿದರು. ಅವನೂ ಬಲಕ್ಕೇ ಕೈ ತೋರಿಸಿದ. ಭಾವನವರು ಹಿಂದಿರುಗಿ ನನ್ನ ಕಿವಿಯಲ್ಲಿ ಹೇಳಿದರು: "ಇಬ್ಬರೂ ಸೇರಿಕೊಂಡಿದ್ದಾರೆ!"

ಅನಘಾ ಹನ್ನೆರಡನೆಯ ತರಗತಿಗೆ ಬಂದಾಗ ನಿಜವಾದ ಕಷ್ಟ ಶುರುವಾಯಿತು. ಯಾವುದಾದರೂ ಒಂದು ಜಾಗವನ್ನು ನಡೆದು ನೋಡಿ ನಕ್ಷೆ ಬರೆಯಬೇಕು. ಅವಳೇ ನಡೆದಳೆಂದು ಮನೆಯ ಹಿರಿಯರು ಸಹಿ ಹಾಕಬೇಕು. ನಮ್ಮಲ್ಲಿ ಸಹಿಯ ಅಧಿಕಾರ ಭಾವನವರದು. ಅಣ್ಣ ಇರುವಾಗ ನಮ್ಮವರು ಕೊರಿಯರ್ ಚೀಟಿಗೆ ಸಹಿ ಹಾಕಲೂ ಹಿಂದೆ ಮುಂದೆ ನೋಡುತ್ತಾರೆ.

ಅನಘಾ ಗರಿಯಾಹಾಟ್ ಪೇಟೆಯ ಫುಟ್‌ಪಾತ್ ಅಂಗಡಿಗಳನ್ನು ಆರಿಸಿಕೊಂಡಳು. ಒಂದಲ್ಲ, ಮೂರು ಶನಿವಾರ ಹೋದಳು. ಒಂದು ನಕ್ಷೆಗೆ ಮೂರು ಶನಿವಾರ ಬೇಕೇ? ಹದಿನೇಳರ ಹುಡುಗಿ! ಗರಿಯಾಹಾಟಿನಲ್ಲಿ ಇರುವುದು ಸೀರೆ ಅಂಗಡಿಗಳು ಮಾತ್ರವೇ? ತಾಯಿಯ ಕರುಳು ಅನುಮಾನ ಪಡದೆ ಇರುತ್ತದೆಯೇ?

ಅವೇ ಮೂರು ಶನಿವಾರ ಭಾವನವರೂ ಕೊಡೆ ಹಿಡಿದು "ಹನುಮಂತನ ಗುಡಿಗೆ" ಹೊರಟರು. ಹಣೆಯಲ್ಲಿ ಸಿಂಧೂರವಿಲ್ಲ, ಕೈಯಲ್ಲಿ ಪ್ರಸಾದವಿಲ್ಲ, ಹಾಗೇ ಬಂದರು. ಗುಡಿಗೆ ಹೋದವರು ಬರಿಗೈಯಲ್ಲಿ ಬರುವುದುಂಟೇ? ಬಾಗಿಲಲ್ಲಿ ನೋಡಿದರೆ ಇಬ್ಬರ ಚಪ್ಪಲಿಗೂ ಒಂದೇ ಬಣ್ಣದ ಧೂಳು!

ನಕ್ಷೆಯ ಫೈಲು ಕೊಡಲು ಸೋಮವಾರ ಕೊನೆಯ ದಿನ. ಸಹಿ ಇಲ್ಲದ ಫೈಲನ್ನು ಶಾಲೆಯವರು ಮುಟ್ಟುವುದಿಲ್ಲವಂತೆ; ಪ್ರಾಕ್ಟಿಕಲ್ ಅಂಕ ಸೊನ್ನೆ. ಕಾಲೇಜಿನಲ್ಲೂ ಭೂಗೋಳವನ್ನೇ ಓದುತ್ತೇನೆಂದು ಕನಸು ಕಟ್ಟಿಕೊಂಡ ಮಗು! ಭಾನುವಾರ ಬೆಳಿಗ್ಗೆ ರಾಯರಿಗೆ ತುಪ್ಪದ ದೀಪ ಹಚ್ಚಿ ಬಂದು ಕೂತೆ. ಭಾವನವರು ಭೂತಗನ್ನಡಿ ಹಿಡಿದರು.

"ಈ ಬಳೆ ಅಂಗಡಿ?"

"ಟೆಂಪರರಿ. ಮೇಲೆ ಪ್ಲಾಸ್ಟಿಕ್ ಅಷ್ಟೇ."

"ಸೀರೆ ಅಂಗಡಿ?"

"ಪರ್ಮನೆಂಟ್. ದೊಡ್ಡಪ್ಪ, ಪ್ಲೀಸ್, ಸೈನ್ ಮಾಡಿ ನಾ!"

ಬೆರಳು ಒಂದು ಕಡೆ ನಿಂತಿತು. "ಇಲ್ಲೊಂದು ಕೊಡೆ ಬರೆದಿದ್ದೀಯ. ಕೆಳಗೆ ಗುರುತುಗಳ ಪಟ್ಟಿಯಲ್ಲಿ ಇದು ಇಲ್ಲ."

"ಅದು ನೀವು."

"ನಾನಾ?"

"ಕಂಡದ್ದನ್ನೆಲ್ಲ ಮಾರ್ಕ್ ಮಾಡಬೇಕು ಅಂದ್ರು ಮಿಸ್. ತ್ರೀ ಸಾಟರ್‌ಡೇಸ್ ನೀವು ಅಲ್ಲೇ ಇದ್ರಿ. ನೈಟಿ ಅಂಗಡಿ ಹಿಂದೆ."

ನೈಟಿ ಅಂಗಡಿ! ಹನುಮಂತನ ಗುಡಿ!

"ಮಗೂನೇ ಅನುಮಾನಿಸಿ ಹಿಂದೆ ಹೋದ್ರಾ ಭಾವ?" ಎಂದು ರೇಗಿದೆ. ನಾನು ಪಟ್ಟ ಅನುಮಾನ ಆ ಹೊತ್ತಿಗೆ ನನಗೆ ನೆನಪಿರಲಿಲ್ಲ, ದೇವರು ಕ್ಷಮಿಸಲಿ.

ಭಾವನವರು ಕನ್ನಡಕ ತೆಗೆದರು. "ಅನುಮಾನ ಅಲ್ಲಮ್ಮ. ಗ್ಯಾಂಗಿನವರು ತಲೆ ಬಗ್ಗಿಸಿ ಹಳಿ ಮೇಲೆ ಕೆಲಸ ಮಾಡುವಾಗ, ರೈಲು ಬಂದರೆ ಕೂಗೋಕೆ ಒಬ್ಬ ಬಾವುಟ ಹಿಡಿದು ನಿಲ್ಲಬೇಕು. ಅದು ನಿಯಮ. ಇವಳು ಕಾಗದದಲ್ಲಿ ಮುಖ ಇಟ್ಟುಕೊಂಡು ರಸ್ತೆಗೆ ಇಳೀತಾಳೆ. ಬಸ್ಸು, ಆಟೋ... ಯಾರಾದರೂ ನಿಲ್ಲಬೇಕಲ್ಲ."

ಮೂರು ಶನಿವಾರ, ಆ ಮಂಡಿನೋವಿನಲ್ಲಿ.

ಭಾವನವರು ಸ್ಕೇಲು ಹಿಡಿದು ಪಟ್ಟಿಯ ಕೊನೆಗೆ ಒಂದು ಗೆರೆ ಎಳೆದರು. ಪುಟ್ಟ ಕೊಡೆ ಬರೆದು, ಅದರ ಮುಂದೆ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಎರಡು ಮಾತು ಸೇರಿಸಿದರು: ವಾಚ್‌ಮನ್, ಟೆಂಪರರಿ.

ಅನಘಾ ರಬ್ಬರ್ ತೆಗೆದುಕೊಂಡು ಎರಡನೆಯ ಮಾತನ್ನು ಉಜ್ಜಿದಳು. ಅಲ್ಲಿ 'ಪರ್ಮನೆಂಟ್' ಎಂದು ಬರೆದು ಹಾಳೆಯನ್ನು ಅವರ ಮುಂದೆ ತಳ್ಳಿದಳು. "ಈಗ ಸೈನ್ ಮಾಡಿ."

ಭಾವನವರು ಆ ಮಾತನ್ನು ಬೆರಳಿನಿಂದ ಎರಡು ಸಲ ತಟ್ಟಿ ನೋಡಿದರು. ಆಮೇಲೆ ಸಹಿ ಹಾಕಿದರು. ತಾವು ನಡೆದು ನೋಡಲಾಗದ ಮಾತಿಗೆ ಅವರು ಸಹಿ ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.