ಒಂದು ಸೊನ್ನೆಗಾಗಿ ಜಗಳ

ನೆರೆಹೊರೆ ಎಂಬ ಪದವನ್ನು ಕಟ್ಟಿದವರು ಅನುಭವಸ್ಥರೇ ಇರಬೇಕು. ನೆರೆಯ ಬೆನ್ನಿಗೇ ಒಂದು ಹೊರೆಯನ್ನೂ ಹೇರಿಟ್ಟಿದ್ದಾರೆ. ರಾಯಚೂರಿನ ನಮ್ಮ ಬಾಡಿಗೆ ಮನೆಯ ಪಕ್ಕದವರ ರೇಡಿಯೋ ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಗೋಡೆ ದಾಟುತ್ತದೆ. ನಮ್ಮ ಪುಂಡಿಪಲ್ಯ ಮಾತ್ರ ಇಷ್ಟು ವರ್ಷವಾದರೂ ಅವರ ಹೊಸ್ತಿಲು ದಾಟಿಲ್ಲ. ಇಂಥ ಸಂಬಂಧವನ್ನು ಅಂಕಿಗಳಲ್ಲಿ ಬರೆಯುವ ದುರ್ಬುದ್ಧಿ, ಭೂಗೋಳಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾದ ನನಗೆ ಬಂದದ್ದು ಹೋದ ಬೇಸಿಗೆಯಲ್ಲಿ.

ದೇವದುರ್ಗ, ಮಾನ್ವಿ ತಾಲೂಕುಗಳಲ್ಲಿ ಯಾವ ಊರಿನ ನೀರು ಯಾವ ಊರಿಗೆ ಒದಗುತ್ತದೆ ಎಂದು ತಿಳಿಯುವುದು ನನ್ನ ವಿಷಯ. ಅದಕ್ಕೆ ಮೊದಲು ನೆರೆತನದ ಕೋಷ್ಟಕವೊಂದು ಬೇಕು. ಊರುಗಳ ಹೆಸರನ್ನು ಎಡಕ್ಕೊಮ್ಮೆ, ಮೇಲೊಮ್ಮೆ ಬರೆಯಬೇಕು. ಗಡಿ ಮುಟ್ಟಿದ ಜೋಡಿಗೆ ಒಂದು, ಮುಟ್ಟದ ಜೋಡಿಗೆ ಸೊನ್ನೆ. ಹಾಳೆ ಹರವಿಕೊಂಡು ಇದನ್ನು ಅಕ್ಕನಿಗೆ ವಿವರಿಸಿದೆ. ಅಕ್ಕ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನ್ನನ್ನೂ ಮೂರನೆಯ ಇಯತ್ತೆಯವನೆಂದೇ ಭಾವಿಸಿದ್ದಾಳೆ.

“ಮುಟ್ಟಿದ್ರ ಒಂದ್ ಕೊಡ್ತಾರಾ?” ಎಂದಳು, ಜೋಳ ಹಸನು ಮಾಡುತ್ತ. “ಊರಾಗ ನಾವ್ ಮುಟ್ಟಿದ್ರ ನಾಕ್ ಕೊಡ್ತಿದ್ರಲ್ಲೋ ತಮ್ಮಾ!”

ನಗುತ್ತಿದ್ದಂತೆಯೇ ನನ್ನ ಕೈ ನಿಂತಿತು. ದೇವದುರ್ಗ ತಾಲೂಕಿನ ನಮ್ಮೂರಿನ ಸಾಲು ಕೋಷ್ಟಕದಲ್ಲಿತ್ತು. ಊರಾಚೆಯ ನಮ್ಮ ಕೇರಿ ಆ ಸಾಲಿನೊಳಗೇ ಕರಗಿಹೋಗಿತ್ತು. ಊರ ನಡುವೆ ಬೋರಿಂಗ್ ಇದ್ದುದರಿಂದ ನನ್ನ ಲೆಕ್ಕದಲ್ಲಿ ಕೇರಿಗೂ ಧಾರಾಳ ನೀರು. ನಮ್ಮ ಚಿಕ್ಕವ್ವ ಮಾತ್ರ ಆ ಬೋರಿಂಗಿನಿಂದ ದೂರ ಕೊಡ ಇಟ್ಟು, ಯಾರಾದರೂ ಹೊಯ್ದಾರೆಂದು ಬಿಸಿಲಲ್ಲಿ ನಿಲ್ಲುತ್ತಿದ್ದಳು. ಹೊಸ ಬೋರಿಂಗುಗಳು ಎಲ್ಲಿಗೆ ಎಂಬುದನ್ನು ನೀರು ಸರಬರಾಜು ಇಲಾಖೆ ನಿರ್ಧರಿಸಲಿದ್ದದ್ದು ಈ ಕೋಷ್ಟಕವನ್ನು ನೋಡಿಯೇ.

ಮರುದಿನವೇ ನನ್ನ ಮಾರ್ಗದರ್ಶಕರ ಮುಂದೆ ನಿಂತೆ. ಕೇರಿಗೆ ಬೇರೆ ಸಾಲು ಬೇಕು, ಊರಿಗೂ ಕೇರಿಗೂ ನಡುವೆ ಸೊನ್ನೆ ಬೇಕು ಎಂದೆ.

“ಎರಡೂ ಒಂದೇ ಊರಲ್ಲೇನ್ರೀ? ನೀವೇ ಭೇದ ಮಾಡಿದ್ರ ಹ್ಯಾಂಗ? ಹೋಗ್ಲಿ, ಗಡಿಯರ ಮುಟ್ಟತಾವಿಲ್ಲೋ?”

“ಗಡಿ ಮುಟ್ಟತಾವ್ರಿ ಸರ್. ಕೈ ಮುಟ್ಟಂಗಿಲ್ಲ.”

ಜಾತಿಯೇ ಇಲ್ಲದ ದೇಶವನ್ನು ನಾನು ಕಂಡದ್ದು ಆ ಮಹನೀಯರ ಗ್ರಾಫ್ ಹಾಳೆಯಲ್ಲಿ ಮಾತ್ರ. “ಹಾಗಾದರ ಕೇರಿಗೆ ನೀರು ಸಿಗತದ ಅಂತ ಬರದು ಸಹಿ ಮಾಡ್ರಿ ಸರ್” ಎಂದೆ. ಸಹಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಪೆನ್ನು ತಾನಾಗಿ ಟೊಪ್ಪಿಗೆ ಹಾಕಿಕೊಂಡಿತು. ಸೊನ್ನೆ ಮಂಜೂರಾಯಿತು. ಜನ ಒಂದಕ್ಕೆ ಹತ್ತು ಕೇಳಿ ಜಗಳವಾಡುತ್ತಾರೆ. ಒಂದನ್ನು ಬಿಟ್ಟು ಸೊನ್ನೆಯನ್ನು ಗೆದ್ದು ಬಂದವನು ಬಹುಶಃ ನಾನೊಬ್ಬನೇ.

ಕೇರಿಗೆ ಬೋರಿಂಗ್ ಬಂತು. ಚಿಕ್ಕವ್ವ ಈಗ ಯಾರ ದಾರಿಯನ್ನೂ ಕಾಯುವುದಿಲ್ಲ. ಮೊನ್ನೆ ಊರಿಗೆ ಹೋಗಿ ಬಂದ ಅಕ್ಕ, ಊಟ ಬಡಿಸುತ್ತ ಹೇಳಿದಳು:

“ನೀರೇನೋ ಭಾಳ ಛಲೋ ಅದಪಾ. ಈಗ ಊರವರು ‘ನಿಮ್ದು ನಿಮಗ ಅದಲ್ಲ, ನಮ್ಮ ಬೋರಿಂಗ್ ಕಡಿ ಯಾಕ ಬರ್ತೀರಿ’ ಅಂತಾರ. ಮೊದ್ಲು ಬಾಯಿಬಿಟ್ಟು ಬರಬ್ಯಾಡ್ರಿ ಅನ್ನಾಕರ ಕಾಯ್ದೆಕ್ಕ ಅಳಕತಿದ್ರು. ಈಗ ಸರಕಾರನ ಬ್ಯಾರೆ ಮಾಡೇದ ಅಂತಾರ. ನೀ ಬರದ ಸೊನ್ನಿ ಅಳಿಸೋರು ಯಾರೋ ತಮ್ಮಾ?”

ಕಂಡಕಂಡವರ ಬಳಿ ಉತ್ತರ ಕೇಳುತ್ತ ತಿರುಗುವ ನಾನು, ಅಕ್ಕನ ಬಳಿ ಇನ್ನೊಂದು ರೊಟ್ಟಿ ಕೇಳಿದೆ.