ಮೋರಿ ಕಟ್ಟೆಯ ಮ್ಯಾರಥಾನ್

ಮುಜಾಮಿಲ್ ತೀರಿಕೊಂಡ ಮೇಲೆ ಜಯಕುಮಾರನಿಗೆ ಅವನ ಮೇಲೆ ಉಳಿದ ದೂರು ಒಂದೇ. ಇಬ್ಬರೂ ಸೇರಿ ಹೊರಬೇಕಾಗಿದ್ದ ಸುಳ್ಳನ್ನು ಒಬ್ಬನ ತಲೆಯ ಮೇಲೆ ಹಾಕಿ ಹೋಗಿಬಿಟ್ಟ.

ಸುಳ್ಳೇನೂ ದೊಡ್ಡದಲ್ಲ, ಹದಿನಾಲ್ಕು ಕಿಲೋಮೀಟರ್ ಉದ್ದದ್ದು. ರಾಮನಗರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಜಯಕುಮಾರನೂ ರೇಷ್ಮೆ ನೂಲು ತೆಗೆಸುವ ಮುಜಾಮಿಲನೂ ಒಂಬತ್ತು ವರ್ಷ ಬೆಳಿಗ್ಗೆ ಐದೂವರೆಗೆ ಬೂಟು ಬಿಗಿದು ಮನೆ ಬಿಡುತ್ತಿದ್ದರು. ಏಳು ಕಿಲೋಮೀಟರ್ ದೂರದ ಕೆಂಗಲ್‌ವರೆಗೆ ಓಡಿ ವಾಪಸು ಬರುತ್ತೇವೆಂದು ಊರಿಗೆಲ್ಲ ಹೇಳಿದ್ದರು. ನಿಜಕ್ಕೂ ಓಡುತ್ತಿದ್ದದ್ದು ಬೀದಿಯ ತಿರುವಿನವರೆಗೆ. ಅಲ್ಲಿಂದ ನಡಿಗೆ. ಊರಾಚೆಯ ಮೋರಿ ಕಟ್ಟೆ ಸಿಕ್ಕ ಕೂಡಲೇ ಸುಖಾಸನ. ಪಕ್ಕದಲ್ಲೇ ಗಂಗಲಕ್ಷ್ಮಮ್ಮನ ಇಡ್ಲಿ ಗಾಡಿ. ಎರಡು ಗಂಟೆ ಲೋಕಾಭಿರಾಮ. ಹೊರಡುವಾಗ ಮುಖಕ್ಕೆ ಒಂದಿಷ್ಟು ಬಾಟಲಿ ನೀರು ಚಿಮುಕಿಸಿಕೊಂಡರೆ ಬೆವರೂ ಸಿದ್ಧ. (ಬೇಸಿಗೆಯಲ್ಲಿ ಆ ನೀರೂ ಉಳಿತಾಯ.)

ಹೋದ ವರ್ಷ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಎದೆ ಹಿಡಿದುಕೊಂಡು ಕುಳಿತ ಮುಜಾಮಿಲ್ ಮತ್ತೆ ಏಳಲಿಲ್ಲ. ಊರಿನವರು ಅತ್ತರು, ಅತ್ತು ಮುಗಿಸಿ ಬೆಳಗಿನ ವಾಕಿಂಗ್ ಬಿಟ್ಟರು. "ದಿನಾ ಕೆಂಗಲ್‌ಗೆ ಓಡೋನ್ಗೇ ಹಿಂಗಾದ್ರೆ, ನಮ್ದೇನ್ಲಾ ಕತೆ?" ಎಂದು ಪಕ್ಕದ ಮನೆಯ ಬೋರಲಿಂಗಯ್ಯ ತನ್ನ ಹೊಸ ಬೂಟನ್ನು ಅಳಿಯನಿಗೆ ಕೊಟ್ಟುಬಿಟ್ಟ. ಸತ್ಯ ಹೇಳೋಣವೆಂದರೆ ಜಯಕುಮಾರನಿಗೆ ಸತ್ತ ಗೆಳೆಯನ ಮಾನ ಅಡ್ಡ ಬರುತ್ತಿತ್ತು. ಅದರಲ್ಲೂ ಮುಜಾಮಿಲನ ಹೆಂಡತಿ ನಿಖಾತ್ ಗಂಡನ ಓಟದ ಬಟ್ಟೆಯನ್ನು ಮಡಿಸಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಅವಳೆದುರು ಏನೆಂದು ಬಾಯಿ ಬಿಡುವುದು?

ಅಂಥ ಹೊತ್ತಿನಲ್ಲಿ ಜಯಕುಮಾರನ ಹೆಂಡತಿ ಭಾನುಪ್ರಿಯಳಿಗೆ ಒಂದು ದಿವ್ಯ ಯೋಚನೆ ಹೊಳೆಯಿತು. ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದು ಅವಳ ಹುಚ್ಚು. ಆ ಮನೆಯಲ್ಲಿ ಒಣಗಲು ಹಾಕಿದ ಪಂಚೆ ಪಂಚೆಯಾಗಿಯೇ ಮರಳಿ ಸಿಗುವ ಭರವಸೆ ಇರಲಿಲ್ಲ.

"ಏನ್ರೀ, ನೂಲು ತೆಗೆಯೋ ಹೆಂಗಸ್ರಿಗೆ ಮುಜಾಮಿಲಣ್ಣನ ಹೆಸರಲ್ಲಿ ಒಂದು ಹಾರ್ಟ್ ಚೆಕಪ್ ಮಾಡ್ಸಣ. ನಿಮ್ಮಿಬ್ರ ಓಟದ ಬಟ್ಟೆ ಸೇರ್ಸಿ ನಾನೂ ನಿಖಾತೂ ಕೌದಿ ಹೊಲೀತೀವಿ. ದುಡ್ಡು ಕೊಟ್ಟೋರ ಹೆಸರೆಲ್ಲ ಅದ್ರ ಮೇಲೆ ದಾರದಲ್ಲಿ ಬರ್ತದೆ. ನೀವು ಕೆಂಗಲ್‌ಗೆ ಓಡಿ. ಕಿಲೋಮೀಟ್ರಿಗಿಷ್ಟು ಅಂತ ಜನ ಕೊಡ್ತಾರೆ."

"ಮಂಡಿ ಒಸಿ ನೋವು ಕಣೇ."

"ಒಂಬತ್ತು ವರ್ಸ ಓಡ್ದಾಗ ಇಲ್ದಿದ್ದ ನೋವು, ಈಗೆಲ್ಲಿಂದ ಬಂತು?"

"ಒಂಟಿ ಓಡಕ್ಕೆ ಮನಸ್ಸು ಬರಲ್ಲ."

"ಮನಸ್ಸು ಮನೇಲಿರ್ಲಿ. ಕಾಲು ಓಡ್ಲಿ ಸಾಕು."

ಮಾರನೆಯ ದಿನದಿಂದಲೇ ಜಯಕುಮಾರನ ಕಠೋರ ತರಬೇತಿ ಆರಂಭವಾಯಿತು. ಬೀದಿಯ ತಿರುವು ದಾಟುವಷ್ಟರಲ್ಲಿ ಉಸಿರು ಕಟ್ಟಿತು. ಏದುಸಿರಿನಲ್ಲಿ ಕಟ್ಟೆ ಸೇರಿ ಕುಳಿತ. ಗಂಗಲಕ್ಷ್ಮಮ್ಮ ಅಭ್ಯಾಸಬಲದಿಂದ ಎರಡು ತಟ್ಟೆ ಇಡ್ಲಿ ತಂದಿಟ್ಟಳು. ಇಟ್ಟ ಮೇಲೆ ಅವಳಿಗೇ ನೆನಪಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಎರಡನೆಯದನ್ನು ವಾಪಸು ಕೊಡಲು ಜಯಕುಮಾರನಿಗೆ ಕೈ ಬರಲಿಲ್ಲ, ಎರಡನ್ನೂ ತಿಂದ. ಇಡೀ ವಾರ ಹೀಗೇ ನಡೆಯಿತು. (ಓಟಕ್ಕೆ ಇದರಿಂದ ಏನೂ ಉಪಕಾರವಾಗಲಿಲ್ಲ.)

ಓಟದ ಭಾನುವಾರ ಬಂದೇ ಬಂತು. ಅರ್ಧ ಊರು ಸೇರಿತ್ತು. ಬೋರಲಿಂಗಯ್ಯ ಸೀಟಿ ಊದಿದ. ಹಿಂದೆ ಆಟೋದಲ್ಲಿ ಭಾನುಪ್ರಿಯ, ನಿಖಾತ್, ಅವರ ತೊಡೆಯ ಮೇಲೆ ಮಡಿಸಿದ ಕೌದಿ. ಜಯಕುಮಾರ ಪಣ ತೊಟ್ಟು ಓಡಿದ. ತಿರುವು ದಾಟಿದ, ಪೆಟ್ರೋಲ್ ಬಂಕ್ ದಾಟಿದ, ಕಣ್ಣು ಕತ್ತಲಿಟ್ಟರೂ ನಿಲ್ಲಲಿಲ್ಲ. ಆದರೆ ಕಟ್ಟೆ ಕಂಡದ್ದೇ ತಡ, ಒಡೆಯನ ಅಪ್ಪಣೆ ಕೇಳದೆ ಕಾಲುಗಳು ಅತ್ತ ತಿರುಗಿದವು. ಕುಳಿತುಬಿಟ್ಟ. ಗೆಳೆಯನ ಮಾನ ಕೆಂಗಲ್‌ಗೆ ಆರು ಕಿಲೋಮೀಟರ್ ಈಚೆಗೇ ಮಣ್ಣುಪಾಲಾಯಿತು.

ಆಟೋ ನಿಂತಿತು. ನಿಖಾತ್ ಇಳಿದು ಬಂದಳು.

"ಭಾಬಿ, ಮಂಡಿ..." ಎಂದು ಜಯಕುಮಾರ ತೊದಲಿದ.

"ಇರ್ಲಿ ಬುಡಿ, ಜಯಣ್ಣ," ಎನ್ನುತ್ತ ಅವಳು ಕೌದಿ ಬಿಡಿಸಿದಳು. "ಇದು ನಿಮ್ಮ ಪ್ಯಾಂಟು, ಇದು ಅವರ್ದು. ಎರಡ್ರಲ್ಲೂ ಮಂಡಿ ಹತ್ರ ಅಂಗಡಿಯಿಂದ ತಂದಂಗೈತೆ. ಕೂರೋ ಜಾಗ ಮಾತ್ರ ಸೊಳ್ಳೆಪರದೆ."

"ಬನೀನಲ್ಲಿ ಕಂಕುಳ ಹತ್ರ ಒಂದು ಬೆವರಿನ ಕಲೆ ಇಲ್ಲ," ಎಂದಳು ಭಾನುಪ್ರಿಯ. "ಎದೆ ತುಂಬ ಸಾಂಬಾರು. ಮಷೀನಿಗೆ ತುರುಕೋವಾಗ ಯಾರು ನೋಡ್ತಾರೆ? ಕತ್ರಿ ಹಿಡ್ದಾಗ ಗೊತ್ತಾಯ್ತು ನಿಮ್ಮ ಹಣೇಬರ."

ಜಯಕುಮಾರ ತಲೆ ತಗ್ಗಿಸಿದ. "ಅವನ ಮಾನ ಕಳೀಬಾರ್ದು ಅಂತ ಸುಮ್ನಿದ್ದೆ, ಭಾಬಿ."

"ಓಡಿ ಓಡಿ ಎದೆ ಒಡ್ಕೊಂಡ್ರು, ನಾನು ತಡೀಲಿಲ್ಲ ಅಂತ ಒಂದು ವರ್ಷ ಕೊರಗಿದೀನಿ, ಜಯಣ್ಣ." ಅವಳು ಗಂಡನ ಪ್ಯಾಂಟಿನ ತುಂಡಿನ ಮೇಲೆ ಕೈ ಆಡಿಸಿದಳು. "ಇಲ್ಲಿ ಕೂತು ಇಡ್ಲಿ ತಿಂತಾ ನಗ್ತಿದ್ರು ಅಂತ ಗೊತ್ತಾದ ದಿನ ನಂಗೆ ನಿದ್ದೆ ಬಂತು."

ತಾನು ಇಷ್ಟು ದಿನ ಕಾಪಾಡಿದ್ದು ಗೆಳೆಯನ ಮಾನವನ್ನಲ್ಲ, ಅವನ ಹೆಂಡತಿಯ ಕೊರಗನ್ನು ಎಂದು ಜಯಕುಮಾರನಿಗೆ ಈಗ ಅರ್ಥವಾಯಿತು. ಎದ್ದು ಕೈ ಮುಗಿಯಲು ಹೋದ.

"ಲೇ! ಏಳ್ಬೇಡ ಕಣ್ಲಾ!" ಎಂದು ಆಟೋದ ಹಿಂದೆಯೇ ಜನರೊಂದಿಗೆ ಬಂದಿದ್ದ ಬೋರಲಿಂಗಯ್ಯ ಅಬ್ಬರಿಸಿದ. "ಗಂಟೆಗೆ ಇನ್ನೂರು ಬರ್ಸಿದೀನಿ!"

"ಗಂಟೆಗಾ?"

ಭಾನುಪ್ರಿಯ ಕೌದಿಯ ಅಂಚು ತೋರಿಸಿದಳು. ಬೋರಲಿಂಗಯ್ಯನಿಂದ ಹಿಡಿದು ಗಂಗಲಕ್ಷ್ಮಮ್ಮನವರೆಗೆ ಮೂವತ್ತೆಂಟು ಹೆಸರು, ಪ್ರತಿ ಹೆಸರಿನ ಮುಂದೆ ಕೆಂಪು ದಾರದಲ್ಲಿ "ಕುಳಿತ ಗಂಟೆಗೆ" ಎಂದು ಹೊಲಿದಿತ್ತು. ಬಟ್ಟೆಯ ಗುಟ್ಟು ತಿಳಿದ ಮೇಲೆ ಹೆಂಗಸರಿಬ್ಬರೂ ಗಂಗಲಕ್ಷ್ಮಮ್ಮನ ಬಾಯಿ ಬಿಡಿಸಿ, ಮನೆಮನೆಗೆ ಹೋಗಿ ಕರಾರು ಬದಲಿಸಿ ಬಂದಿದ್ದರು. ಊರಿಗೆಲ್ಲ ಗೊತ್ತಿದ್ದ ಸಂಗತಿ ಓಟಗಾರನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

"ಸಂಜೆ ಆರರ ತನಕ ಕೂತ್ರೆ ನೂರಿಪ್ಪತ್ತು ಜನಕ್ಕೆ ಚೆಕಪ್ ಆಗ್ತದೆ," ಎಂದಳು ಭಾನುಪ್ರಿಯ. "ಸುಮ್ನೆ ಕೂರಂಗಿಲ್ಲ ಮತ್ತೆ. ಮಾತಾಡ್ಬೇಕು."

"ಏನು ಮಾತಾಡ್ಲಿ?"

ಕೌದಿಯನ್ನು ಕಟ್ಟೆಗೆ ಹಾಸಿ ನಿಖಾತ್ ಅವನ ಎಡಕ್ಕೆ ಕುಳಿತಳು. ಭಾನುಪ್ರಿಯ ಬಲಕ್ಕೆ ಕುಳಿತಳು. ಊರು ಸುತ್ತ ನೆರೆಯಿತು.

"ಒಂಬತ್ತು ವರ್ಷ ದಿನಾ ಎರಡೆರಡು ಗಂಟೆ," ಎಂದು ನಿಖಾತ್ ಸೆರಗು ಸರಿಪಡಿಸಿಕೊಂಡಳು. "ಅವರು ಏನೇನು ಹೇಳ್ತಿದ್ರೋ, ನೀವು ಏನೇನು ಹೇಳ್ತಿದ್ರೋ, ಒಂದೂ ಬಿಡ್ದೆ ಹೇಳಿ ಜಯಣ್ಣ. ನಂಗೆ ಎಲ್ಲಾ ಬೇಕು."

ಜಯಕುಮಾರ ಬಾಯಿ ತೆರೆದ. ಒಂಬತ್ತು ವರ್ಷದ ಮಾತು ಒಟ್ಟಿಗೇ ನೆನಪಾಯಿತು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೆಂಡತಿಯರನ್ನು ಕುರಿತದ್ದು.

ಬಿಸಿಲಿನಲ್ಲಿ ಕೆಂಗಲ್ ಕಡೆಯ ರಸ್ತೆ ಖಾಲಿಯಾಗಿ, ನೇರವಾಗಿ, ಬಲು ಸುಂದರವಾಗಿ ಕಂಡಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಓಡಬೇಕೆನ್ನಿಸಿತು. ಅಂಗಿಯ ಚುಂಗು ಆಗಲೇ ಭಾನುಪ್ರಿಯಳ ಮುಷ್ಟಿಯಲ್ಲಿತ್ತು.